ರೊಟ್ಟಿ ಬಡಿಯುವ ಅಜ್ಜಿಯರ ಹೆಸರೂ ಬರಲಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಅಜ್ಜಿ ಈಚೆಗೆ ತೀರಿಕೊಂಡರು. ಗದಗ ಜಿಲ್ಲೆ ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಪ್ರತಿವರ್ಷ ತಪ್ಪದೆ ರೊಟ್ಟಿ ಒಯ್ಯುತ್ತಿದ್ದವರು. ಜಾತ್ರೆ ಇನ್ನೂ ದೂರ ಇರುವಾಗಲೇ ಶುರು. ಹದವಾಗಿ ನಾದಿದ ಜೋಳದ ಹಿಟ್ಟು, ಮೇಲೆ ಎಳ್ಳು, ಹಪ್ಪಳದಷ್ಟು ತೆಳ್ಳಗೆ ಬಡಿದು ಖಡಕ್ ಆಗುವವರೆಗೆ ಬೇಯಿಸೋದು. ಒಂದು ರೊಟ್ಟಿಯ ಅಂಚು ಮುರಿದಿದ್ದರೂ ಅದು ಮನೆಗೆ, ಜಾತ್ರೆಗಲ್ಲ.

ಬಾಯಿ ಮಾತ್ರ ಭಾಳ ಜೋರು. ಒಮ್ಮೆ ಕಂಡಕ್ಟರ್ ಬುಟ್ಟಿಗೂ ಟಿಕೆಟ್ ಕೇಳಿದ. "ನನಗ ಕೊಡೋ ತಮ್ಮಾ, ರೊಟ್ಟಿಗ್ಯಾಕ? ಅವು ಅಜ್ಜಾರ (ಮಠದ ಸ್ವಾಮಿಗಳ) ಜಾತ್ರಿಗೆ ಹೊಂಟಾವ" ಅಂದರು. ಬಸ್ಸೆಲ್ಲ ನಕ್ಕಿತು. ಇಳಿಯುವಾಗ ಅವನ ಕೈಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ಇಟ್ಟೇ ಇಳಿದರು.

ಅಲ್ಲಿ ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಕೂತು ರೊಟ್ಟಿ, ಭಜ್ಜಿ ಉಣ್ಣುತ್ತಾರೆ. ಆ ಪಂಕ್ತಿ ನೋಡಿ ಅಜ್ಜಿಗೆ ಆಗುತ್ತಿದ್ದ ಖುಷಿ ಹೇಳತೀರದು. ಬಡಿಸುವವರಿಗೆ "ಇನ್ನೊಂದು ಹಾಕ್ರಿ" ಅಂತ ತಾವೇ ಗದರುತ್ತಿದ್ದರು.

ಜಾತ್ರೆಯ ಸುದ್ದಿಯಲ್ಲಿ ವೇದಿಕೆ ಮೇಲಿದ್ದವರ ಹೆಸರೆಲ್ಲ ಬರುತ್ತವೆ. ರೊಟ್ಟಿ ಬಡಿದ ಕೈಗಳ ಹೆಸರು ಬರೋದು ಕಡಿಮೆ, ಅಲ್ವಾ? ಮುಂದಿನ ಜಾತ್ರೆಗೆ ನಿಮ್ಮ ವರದಿಗಾರರು ಊರೂರಿನ ಅಡುಗೆಮನೆಗೂ ಹೋಗಿಬರಲಿ. ಅಂಥ ಅಜ್ಜಿಯರು ಇನ್ನೂ ಇದ್ದಾರೆ. ಅವರ ಫೋಟೊ, ಹೆಸರು ದಯವಿಟ್ಟು ಹಾಕಿ.

– ಮೊಮ್ಮಗಳು, ಗದಗ