ಮಗಳಿಗೊಂದು ಪತ್ರ: ಕಿವಿ, ಹೆಬ್ಬೆರಳು, ಬೂದಿ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆ. "ಪ್ರತಿಷ್ಠಿಸಿಕೊಳ್ಳುವುದು, ಅಂದರೆ ನಮ್ಮನ್ನು ದೇವರಿಗೆ ಮೀಸಲಿಡುವುದು, ಅದಕ್ಕೆ ದಿನಾ ಏನು ಮಾಡಬೇಕಮ್ಮಾ?" ಎಂದು ಕೇಳಿದ್ದೀಯ. ಬೈಬಲಿನ ಯಾಜಕಕಾಂಡವನ್ನು ತೆರೆದಿಟ್ಟುಕೊಂಡು ಇದನ್ನು ಓದು.

8ನೇ ಅಧ್ಯಾಯದಲ್ಲಿ ಮೋಶೆಯು ಮಹಾಯಾಜಕನಾಗಲಿರುವ ಆರೋನನಿಗೂ ಯಾಜಕರಾಗಲಿರುವ ಅವನ ಮಕ್ಕಳಿಗೂ ಮೊದಲು ಸ್ನಾನ ಮಾಡಿಸುತ್ತಾನೆ. ಆಮೇಲೆ ಬಲಿಯಾದ ಟಗರಿನ ರಕ್ತವನ್ನು ಬಲಗಿವಿಯ ತುದಿಗೆ, ಬಲಗೈಯ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚುತ್ತಾನೆ. 14ನೇ ಅಧ್ಯಾಯದಲ್ಲಿ ಕುಷ್ಠ ವಾಸಿಯಾದವನಿಗೂ ಅದೇ ಮೂರು ಕಡೆ ರಕ್ತ, ಆ ರಕ್ತದ ಮೇಲೆಯೇ ಎಣ್ಣೆ. ರೋಗದಿಂದಾಗಿ ಇಸ್ರಾಯೇಲರ ಪಾಳೆಯದ ಹೊರಗಿದ್ದವನಿಗೂ ಮಹಾಯಾಜಕನಿಗೂ ಒಂದೇ ಗುರುತು ನೋಡು! ರಕ್ತ ಮೊದಲು, ಎಣ್ಣೆ ಆಮೇಲೆ: ಯೇಸುವಿನ ರಕ್ತ ತೊಳೆದ ಮೇಲೆಯೇ ಪವಿತ್ರಾತ್ಮನ ಅಭಿಷೇಕ. ಮೊದಲು ನಾನೇ ಸರಿಹೋಗುತ್ತೇನೆ, ಆಮೇಲೆ ಯೇಸುವಿನ ಬಳಿ ಹೋಗುತ್ತೇನೆ ಎನ್ನುವವರು ದಣಿಯುವುದು ಈ ಕ್ರಮವನ್ನು ತಿರುವಿಹಾಕುವುದರಿಂದಲೇ.

ಕಿವಿಯಿಂದ ಶುರುಮಾಡು. ಅಲ್ಲಿ ಇಲ್ಲದವರ ಬಗ್ಗೆ ಚಾಡಿಮಾತು ಊಟದ ಮೇಜಿಗೆ ಬಂದಾಗ ವಾದ ಬೇಡ, ಎದ್ದು ತಟ್ಟೆ ತೊಳೆಯಲು ಹೋಗು. ಹೆಬ್ಬೆರಳಿನದು ಇನ್ನೂ ಕಷ್ಟ. ಫೋನಿನ ಪರದೆ ಸರಿಸುವುದು ಅದೇ ಬೆರಳು. ರಾತ್ರಿ ಫೋನನ್ನು ಹಾಸಿಗೆಯಿಂದ ದೂರ ಚಾರ್ಜಿಗೆ ಹಾಕು, ಏಳಲು ಬೇರೆ ಅಲಾರಂ ಇಟ್ಟುಕೋ. ಸಂಬಳ ಬಂದ ದಿನವೇ ದಶಮಾಂಶ, ಅಂದರೆ ದೇವರಿಗೆ ಕೊಡುವ ಹತ್ತನೆಯ ಒಂದು ಪಾಲು, ತೆಗೆದಿಡು. ತಿಂಗಳ ಕೊನೆಗೆ ಉಳಿದದ್ದನ್ನು ಕೊಡೋಣ ಅಂದರೆ ಏನೂ ಉಳಿಯುವುದಿಲ್ಲ. ಕಾಲಿನ ವಿಷಯ ನಿನಗೇ ಗೊತ್ತಿದೆ, ಎಲ್ಲಿಗೆ ಹೋಗಿ ಬಂದರೆ ಪ್ರಾರ್ಥನೆಗೆ ಬಾಯಿ ಬರುವುದಿಲ್ಲವೋ ಅಲ್ಲಿಗೆ ಹೋಗಬೇಡ.

ನಾನು ಮುಖ್ಯವಾಗಿ ಹೇಳಬೇಕಾದದ್ದು 6ನೇ ಅಧ್ಯಾಯದಲ್ಲಿದೆ. ಯಜ್ಞವೇದಿಯ ಬೆಂಕಿ ಆರಲೇಬಾರದು, ಯಾಜಕನು ಪ್ರತಿ ಬೆಳಿಗ್ಗೆ ಕಟ್ಟಿಗೆ ಹಾಕಬೇಕು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಹಿಂದಿನ ರಾತ್ರಿಯ ಬೂದಿ ತೆಗೆಯಬೇಕೆಂದೂ, ಬಟ್ಟೆ ಬದಲಾಯಿಸಿ ಅದನ್ನು ಪಾಳೆಯದ ಹೊರಗೆ ಒಯ್ಯಬೇಕೆಂದೂ ಅಲ್ಲೇ ಇದೆ. ಸೌದೆ ಒಲೆ ಉರಿಸಿದವರಿಗೆ ಗೊತ್ತು, ಬೂದಿ ತುಂಬಿದರೆ ಗಾಳಿ ಆಡುವುದಿಲ್ಲ, ಎಷ್ಟು ಸೌದೆ ತುರುಕಿದರೂ ಹೊಗೆಯೇ. ಅಧ್ಯಾಯದ ಮೇಲೆ ಅಧ್ಯಾಯ ಓದಿಯೂ ಮನಸ್ಸು ಒಣಗಿರುವುದು ಇದಕ್ಕೇ. ಆದ್ದರಿಂದ ಬೆಳಿಗ್ಗೆ ಅರ್ಧ ಗಂಟೆ ಸಿಕ್ಕರೆ ಮೊದಲ 5 ನಿಮಿಷ ಬೂದಿಗೆ. ನನ್ನ ಹೃದಯವನ್ನು ಪರೀಕ್ಷಿಸು ಎಂದು ದೇವರನ್ನು ಕೇಳುವ 139ನೇ ಕೀರ್ತನೆಯ ಕೊನೆಯ ಎರಡು ವಚನ ಪ್ರಾರ್ಥಿಸಿ, ನಿನ್ನೆಯ ಪಾಪವನ್ನು ಅದರ ಹೆಸರು ಹಿಡಿದೇ ಒಪ್ಪಿಕೋ. "ತಪ್ಪಾಗಿದ್ದರೆ ಕ್ಷಮಿಸು" ಎಂದರೆ ಬೂದಿ ಕದಲುವುದಿಲ್ಲ. "ಬಾಸಿಗೆ ಸುಳ್ಳು ಕಾರಣ ಹೇಳಿದೆ" ಅನ್ನು. ಒಪ್ಪಿಕೊಂಡದ್ದನ್ನು ಮತ್ತೆ ಕೆದಕಬೇಡ, ಹೊರಗೆ ಹಾಕಿದ ಬೂದಿಯನ್ನು ಯಾಜಕನು ತಿರುಗಿ ತರುತ್ತಿರಲಿಲ್ಲ. ಆಮೇಲೆ ಬೈಬಲ್ ವಾಕ್ಯ: ಒಂದೇ ಭಾಗ, ಎರಡು ಸಲ, ಬಾಯಿಬಿಟ್ಟು. ಕೊನೆಗೆ ಆ ದಿನ ವಿಧೇಯಳಾಗಬೇಕಾದ ಒಂದೇ ಸಂಗತಿಯನ್ನು ಬರೆದಿಡು.

ಒಳ್ಳೆಯ ಸಭೆಗೆ ಹೋಗುತ್ತಿದ್ದೇನೆ ಎಂಬ ಧೈರ್ಯವೊಂದೇ ಸಾಲದು. ಪವಿತ್ರತೆ ಬರೀ ಸೋಕಿನಿಂದ ಅಂಟುವುದಿಲ್ಲ. ಪ್ರವಾದಿ ಹಗ್ಗಾಯನ 2ನೇ ಅಧ್ಯಾಯ ನೋಡು: ಪವಿತ್ರ ಮಾಂಸ ಕಟ್ಟಿಕೊಂಡ ಸೆರಗು ರೊಟ್ಟಿಗೆ ತಗಲಿದರೆ ರೊಟ್ಟಿ ಪವಿತ್ರವಾಗುವುದಿಲ್ಲ, ಆದರೆ ಹೆಣ ಮುಟ್ಟಿದವನು ತಗಲಿದರೆ ಅದು ಅಶುದ್ಧವಾಗುತ್ತದೆ.

ಕೂಟದ ಆವೇಶದಲ್ಲಿ ದೊಡ್ಡ ಹರಕೆ ಹೊರಬೇಡ. ಅರಣ್ಯಕಾಂಡ 6ರಲ್ಲಿ ವ್ರತ ಹಿಡಿದು ತಮ್ಮನ್ನು ದೇವರಿಗೆ ಮೀಸಲಿಟ್ಟ ನಾಜೀರರ ವ್ರತಕ್ಕೂ ಅವಧಿಯಿತ್ತು. ಒಂದು ಊಟ ಬಿಡುವ ಉಪವಾಸವನ್ನು ವಾರಕ್ಕೊಂದು ದಿನ, ಒಂದು ತಿಂಗಳು ಮಾಡಿ ನೋಡು. ನಡುವೆ ತಪ್ಪಿದರೆ ಹೆದರಬೇಡ. ಪಕ್ಕದಲ್ಲಿ ಯಾರೋ ಹಠಾತ್ತಾಗಿ ಸತ್ತು ನಾಜೀರನು ಅಶುದ್ಧನಾದರೆ, ಏಳನೆಯ ದಿನ ತಲೆ ಬೋಳಿಸಿ, ಎಂಟನೆಯ ದಿನ ಎರಡು ಪಕ್ಷಿ ತಂದು ಅವನು ಮೊದಲಿಂದ ಶುರುಮಾಡಬಹುದಿತ್ತು. ಬಿಟ್ಟುಬಿಡು ಎಂದು ದೇವರು ಅವನಿಗೂ ಹೇಳಲಿಲ್ಲ.

ಭಾನುವಾರ ಕರ್ತನ ಭೋಜನವಿದೆಯಲ್ಲ? ರೂಮಿನ ಹುಡುಗಿಯೊಂದಿಗೆ ಮಾತು ಬಿಟ್ಟಿದ್ದೇನೆ ಅಂತ ನೀನು ಅಂದಿದ್ದೆ. ಕಾಣಿಕೆ ಅರ್ಪಿಸುವ ಮೊದಲು ಮುನಿಸಿಕೊಂಡವರೊಂದಿಗೆ ರಾಜಿಯಾಗು ಎನ್ನುವ ಮತ್ತಾಯ 5:23-24 ಓದಿಕೊಂಡು ಶನಿವಾರ ರಾತ್ರಿಯೊಳಗೆ ಅವಳ ಹತ್ತಿರ ಮಾತಾಡು. ಅವಳು ಮೊದಲು ಬರಲಿ ಎಂದು ಕಾಯಬೇಡ.

ಪ್ರಾರ್ಥಿಸುತ್ತಿರುವ,
ನಿನ್ನ ಅಮ್ಮ