ಅಮ್ಮನಿಗೆ: ಸ್ಟೀರಾಯ್ಡ್ ಮಾತ್ರೆ, ಮಂಗರವಳ್ಳಿ ಮತ್ತು ಮೂಳೆ

ಲೈಡನ್, ನೆದರ್ಲೆಂಡ್ಸ್

ಪ್ರೀತಿಯ ಅಮ್ಮಾ,

ಸ್ಟೀರಾಯ್ಡ್‌ನಿಂದ ಮೂಳೆ ಸವೆಯುತ್ತಂತೆ, ಅದನ್ನು ಬಿಟ್ಟು ಮಂಗರವಳ್ಳಿ ಬಳ್ಳಿಯ ಪುಡಿ, ಅರಿಶಿನದ ಕ್ಯಾಪ್ಸೂಲ್ ತಗೊಳ್ಳಲಾ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಅಪ್ಪನಿಗೂ ಓದಿ ಹೇಳು.

ದಯವಿಟ್ಟು ಪ್ರೆಡ್ನಿಸೋಲೋನ್ ಮಾತ್ರೆಯನ್ನು, ಅಂದರೆ ನಿನ್ನ ಆ ಸ್ಟೀರಾಯ್ಡನ್ನು, ನೀನಾಗಿ ನಿಲ್ಲಿಸಬೇಡ. ಅದನ್ನು ತಿಂಗಳುಗಟ್ಟಲೆ ತಗೊಂಡಾಗ, ಮೈಗೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಕಮ್ಮಿ ಮಾಡಿಬಿಡುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಡಾಕ್ಟರು ಹೇಳಿದ ಹಾಗೆ ನಿಧಾನವಾಗಿಯೇ ಇಳಿಸಬೇಕು.

ಮೂಳೆ ಸವೆಯುವುದು ನಿಜ ಅಮ್ಮಾ. ಮೂಳೆ ದಿನಾ ಸ್ವಲ್ಪ ಕರಗುತ್ತದೆ, ಸ್ವಲ್ಪ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಸ್ಟೀರಾಯ್ಡ್ ಈ ಕಟ್ಟುವ ಜೀವಕೋಶಗಳನ್ನೇ ಸಾಯಿಸುತ್ತದೆ, ಕರಗಿಸುವವುಗಳ ಆಯಸ್ಸು ಹೆಚ್ಚಿಸುತ್ತದೆ. ಊಟದ ಕ್ಯಾಲ್ಸಿಯಂ ಕೂಡ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೊದಲ 3ರಿಂದ 6 ತಿಂಗಳಲ್ಲೇ ಸವೆತ ಜಾಸ್ತಿ. ಬೆನ್ನುಮೂಳೆ ನೋವೇ ಇಲ್ಲದೆ ಕುಸಿಯಬಹುದು. ನನಗೆ ಭಯ ಇರುವುದು ಇದರದ್ದೇ.

ನಾನು ಕೆಲಸ ಮಾಡುವುದು ಮೂಳೆಯ ಲ್ಯಾಬಿನಲ್ಲಿ, ಹಾಗಾಗಿ ಈ ವಿಷಯ ದಿನಾ ಕಣ್ಣಿಗೆ ಬೀಳುತ್ತದೆ. ಇಲಿಗಳಿಗೆ ಸ್ಟೀರಾಯ್ಡ್ ಕೊಟ್ಟು, ಜೊತೆಗೆ ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್, ಸೋಯಾದ ಜೆನಿಸ್ಟೀನ್ ಕೊಟ್ಟು ನೋಡಿದ್ದಾರೆ. ಇಲಿಗಳ ಮೂಳೆ ಸವೆತ ಕಮ್ಮಿಯಾಗಿದೆ. ನಮ್ಮ ಅಡುಗೆಮನೆಯ ವಸ್ತುಗಳೇ ಅಲ್ವಾ, ಓದುವಾಗ ನಿಜಕ್ಕೂ ಖುಷಿಯಾಗುತ್ತದೆ. ಮುಂದೊಂದು ದಿನ ಇವುಗಳಿಂದ ಒಳ್ಳೆಯ ಔಷಧಿ ಬರಲಿ ಅಂತ ನನಗೂ ಆಸೆ. ಆದರೆ ನಿನ್ನ ಹಾಗೆ ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಇವುಗಳಿಂದ ಮೂಳೆ ಮುರಿತ ಕಮ್ಮಿಯಾಯಿತು ಅಂತ ದೊಡ್ಡ ಪರೀಕ್ಷೆಯಲ್ಲಿ ಇನ್ನೂ ಸಾಬೀತಾಗಿಲ್ಲ. ಮಂಗರವಳ್ಳಿಯ ಕಥೆಯೂ ಅಷ್ಟೇ.

ಕ್ಯಾಪ್ಸೂಲ್ ಮಾತ್ರ ಬೇಡವೇ ಬೇಡ. ಕರ್ಕ್ಯುಮಿನ್ ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಅದಕ್ಕೇ ಅಂಥ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಕಾಳುಮೆಣಸಿನ ಸಾರ ಸೇರಿಸಿರುತ್ತಾರೆ. ಆ ಸಾರ ಬೇರೆ ಮಾತ್ರೆಗಳು ಮೈಯಲ್ಲಿ ಕರಗಿಹೋಗುವ ವೇಗವನ್ನೂ ಬದಲಿಸಬಹುದು. ಇಂಥ ಕ್ಯಾಪ್ಸೂಲ್‌ನಿಂದ ಕೆಲವರ ಲಿವರ್ ಕೆಟ್ಟಿದೆ. ನೀನು ಮೆಥೊಟ್ರೆಕ್ಸೇಟ್ ಔಷಧಿ ಬೇರೆ ತಗೊಳ್ತೀಯ, ಅದೂ ಲಿವರ್‌ಗೆ ಭಾರವೇ.

ಸಾರಿಗೆ ಹಾಕುವ ಅರಿಶಿನಕ್ಕೆ ನನ್ನದೇನೂ ಅಡ್ಡಿಯಿಲ್ಲ. ಎಳೆ ಮಂಗರವಳ್ಳಿಯನ್ನು ಚೆನ್ನಾಗಿ ಹುರಿದು, ಹುಣಸೆಹುಳಿ ಹಾಕಿ ಚಟ್ನಿ ಮಾಡಿಕೊಂಡು ತಿನ್ನು. ಹುರಿಯದಿದ್ದರೆ ಗಂಟಲು ತುರಿಸುತ್ತದೆ, ನಿನಗೆ ಗೊತ್ತೇ ಇದೆ. ರಾಗಿಯನ್ನೂ ಬಿಡಬೇಡ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಬಿಸಿಲೇ ಕಾಣುವುದಿಲ್ಲ, ಅದಕ್ಕೆ ವಿಟಮಿನ್ ಡಿ ರಕ್ತಪರೀಕ್ಷೆಯನ್ನೂ ಕೇಳು.

ಮುಂದಿನ ಸಲ ಮಣಿಪಾಲಕ್ಕೆ ಹೋದಾಗ ಮೂಳೆ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಬೇಕಾ, ಅಲೆಂಡ್ರೊನೇಟ್‌ನಂಥ ಮೂಳೆ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳು. ಆ ಮಾತ್ರೆಯನ್ನು ಸಾಮಾನ್ಯವಾಗಿ ವಾರಕ್ಕೊಂದು, ಖಾಲಿ ಹೊಟ್ಟೆಗೆ ಒಂದು ಲೋಟ ನೀರಿನ ಜೊತೆ ತಗೋಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು. ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಪರೀಕ್ಷೆ ಮಾಡಿ ನೋಡಿದ ಔಷಧಿ ಅದು.

ಈಗಿನ ಚೀಟಿಯ ಫೋಟೋ ತೆಗೆದು ಕಳಿಸಲು ಅಪ್ಪನಿಗೆ ಹೇಳು. ಮಾತ್ರೆಯ ಮಿಲಿಗ್ರಾಂ ಸರಿಯಾಗಿ ಕಾಣಲಿ.

ನಿನ್ನ ಮಗಳು