ನಿನ್ನ ರಾಕ್ಷಸನನ್ನ ನೀನೇ ಆಡ್ಕೋಬೇಡ

ಪ್ರೀತಿಯ ತಂಗೀ,

ನೀನು ಕಳ್ಸಿದ ಸೈನ್ಸ್ ಫಿಕ್ಷನ್ ಸಿನಿಮಾ ಸ್ಕ್ರಿಪ್ಟಿನ ಎರಡೂ ಡ್ರಾಫ್ಟ್ ಓದ್ದೆ. ಮೊದಲನೇದನ್ನ ಕೂತಲ್ಲೇ ಮುಗಿಸ್ದೆ. ಎರಡನೇದು ಅರ್ಧಕ್ಕೆ ಬರೋಷ್ಟರಲ್ಲಿ ನನಗೆ ಸಿಟ್ಟು ಬಂತು, ನಿನ್ನ ಮೇಲಲ್ಲ, ಆ ಗೆಳೆಯರ ಮುಂದೆ ಓದಿದಾಗ ನಕ್ಕರು ಅಂತ ಬರೆದಿದೀಯಲ್ಲ, ಅವರ ಮೇಲೆ, ಆಮೇಲೆ ಸ್ವಲ್ಪ ನಿನ್ನ ಮೇಲೂ ಬಂತು ಅನ್ನು, ಯಾಕಂದ್ರೆ ಅವರು ನಕ್ಕಿದ್ದಕ್ಕೆ ನೀನೂ ಹೋಗಿ ಅವರ ಜೊತೆ ಸೇರ್ಕೊಂಡ್ಬಿಟ್ಟಿದೀಯ.

ಸ್ಕ್ರಿಪ್ಟ್ ಎಷ್ಟು ಪುಟ ಇರ್ಬೇಕು, ಯಾವ ಸಾಫ್ಟ್‌ವೇರಲ್ಲಿ ಟೈಪ್ ಮಾಡ್ಬೇಕು, ಪ್ರೊಡ್ಯೂಸರ್ ಹತ್ರ ಹೇಗೆ ಹೋಗ್ಬೇಕು ಅಂತೆಲ್ಲ ಕೇಳಿದೀಯ. ಅದನ್ನ ಹೇಳ್ಕೊಡೋರು ಬೇಕಾದಷ್ಟು ಜನ ಇದಾರೆ, ಅವರನ್ನ ಕೇಳು. ನನಗೆ ನಿನ್ನ ಪತ್ರದ ಕೊನೇ ಪ್ಯಾರಾ ಬಗ್ಗೆ ಮಾತ್ರ ಮಾತಾಡ್ಬೇಕು. "ಮೇಡಂ, ಹೇಗೂ ದುಡ್ಡಿಲ್ಲ, ಹೇಗೂ ಜನ ನಗ್ತಾರೆ, ಅದಕ್ಕೆ ಬೇಕಂತಲೇ ಕೆಟ್ಟದಾಗಿ ಮಾಡೋಣ ಅಂತಿದೀನಿ, ಆ ಹಳೇ ಚೀಪ್ ಸೈನ್ಸ್ ಫಿಕ್ಷನ್ ಸಿನಿಮಾಗಳ ಥರ, ಆಗ ಕಲ್ಟ್ ಆಗುತ್ತೆ" ಅಂತ ಬರೆದಿದೀಯ. ಆ ಹಳೇ ಸಿನಿಮಾಗಳು ಅಂದ್ರೆ ನನಗೆ ಪ್ರಾಣ ಕಣಮ್ಮಾ. ಅವುಗಳಲ್ಲಿ ಒಂದನ್ನೂ ಯಾರೂ ಬೇಕಂತ ಕೆಟ್ಟದಾಗಿ ಮಾಡಿದ್ದಲ್ಲ. ಅದನ್ನ ಹೇಳೋಕೇ ಈ ಪತ್ರ.

1953ರ ರೋಬೋಟ್ ಮಾನ್‌ಸ್ಟರ್ ತಗೋ. ಫಿಲ್ ಟಕರ್ ಅನ್ನೋರು ನಾಲ್ಕು ದಿನದಲ್ಲಿ ಶೂಟ್ ಮಾಡಿ ಮುಗಿಸಿದ್ದು. ರೋಬೋಟ್ ಮಾಡ್ಸೋಕೆ ದುಡ್ಡಿರ್ಲಿಲ್ಲ, ಜಾರ್ಜ್ ಬ್ಯಾರೋಸ್ ಅನ್ನೋ ನಟನ ಹತ್ರ ಅವನದೇ ಸ್ವಂತ ಗೊರಿಲ್ಲಾ ಸೂಟ್ ಇತ್ತು, ಅವನನ್ನೇ ಕರೆಸಿ, ತಲೆಗೆ ಆಂಟೆನಾ ಇರೋ ಒಂದು ಹೆಲ್ಮೆಟ್ ಹಾಕಿ, ಇವನೇ ಬೇರೆ ಗ್ರಹದಿಂದ ಬಂದವನು ಅಂದ್ರು. ಗುಹೆ ಮುಂದೆ ಒಂದು ಟೇಬಲ್, ಅದರ ಪಕ್ಕ ಸೋಪಿನ ಗುಳ್ಳೆ ಬಿಡೋ ಮಷೀನು, ಅದೇ ಅವನ ಯಂತ್ರಾಗಾರ. ನೋಡಿದವರೆಲ್ಲ ಬಿದ್ದು ಬಿದ್ದು ನಗ್ತಾರೆ, ನಗ್ಲಿ ಬಿಡು. ಆದ್ರೆ ಮಧ್ಯದಲ್ಲಿ ಒಂದು ಕಡೆ ಅವನಿಗೆ ಒಬ್ಬ ಹುಡುಗಿಯನ್ನ ಕೊಲ್ಲು ಅಂತ ಆರ್ಡರ್ ಬರುತ್ತೆ, ಅವನ ಕೈಲಿ ಆಗಲ್ಲ, ಆಗ ಒಬ್ಬನೇ ನಿಂತ್ಕೊಂಡು ಮಾತಾಡ್ತಾನೆ: ಮಾಡಲೇಬೇಕು, ಆದ್ರೆ ಆಗ್ತಿಲ್ಲ, ಈ ಎರಡೂ ಗ್ರಾಫಿನ ಮೇಲೆ ಯಾವ ಬಿಂದುವಿನಲ್ಲಿ ಬಂದು ಸೇರ್ತವೆ, ಇದನ್ನ ಲೆಕ್ಕ ಹಾಕೋದು ಹೇಗೆ ಅಂತ. ಲೆಕ್ಕ ಬಿಟ್ರೆ ಬೇರೇನೂ ಗೊತ್ತಿಲ್ಲದ ಒಂದು ಜೀವಿಗೆ ಮೊದಲ ಸಲ ಸಂಕಟ ಆದ್ರೆ ಅದು ಇನ್ನು ಹೇಗೆ ಮಾತಾಡುತ್ತೆ ಹೇಳು? ಗೊರಿಲ್ಲಾ ಸೂಟಿನ ಒಳಗಿಂದ ಈ ಮಾತು ಬರುತ್ತೆ. ಬರೆದವನು ಅದನ್ನ ನಂಬಿ ಬರೆದಿದ್ದಾನೆ. ಆ ಚಿತ್ರಕ್ಕೆ ಸಂಗೀತ ಮಾಡಿದ್ದು ಎಲ್ಮರ್ ಬರ್ನ್‌ಸ್ಟೀನ್, ಆಮೇಲೆ ಟೆನ್ ಕಮಾಂಡ್‌ಮೆಂಟ್ಸ್ ಅನ್ನೋ ಭಾರೀ ಚಿತ್ರಕ್ಕೆ ಮಾಡಿದವರೇ. ಕೇಳಿ ನೋಡು, ಗೊರಿಲ್ಲಾ ಸೂಟು ಅಂತ ಅವರು ಸಂಗೀತದಲ್ಲಿ ಒಂದು ಚೂರೂ ಕಡಿಮೆ ಮಾಡಿಲ್ಲ, ರಾಜಾಧಿರಾಜನ ಕಥೆಗೆ ಮಾಡೋ ಹಾಗೇ ಮಾಡಿದ್ದಾರೆ.

ಇನ್ನೊಂದು ಹೇಳ್ತೀನಿ. 1957ರ ಜೈಂಟ್ ಕ್ಲಾ. ಒಂದು ದೈತ್ಯ ಹಕ್ಕಿ ಬಾಹ್ಯಾಕಾಶದಿಂದ ಬಂದು ವಿಮಾನಗಳನ್ನ ಕಿತ್ತು ತಿನ್ನುತ್ತೆ. ನಟರು ಶೂಟಿಂಗ್ ಮಾಡುವಾಗ ಹಕ್ಕಿ ಇರ್ಲಿಲ್ಲ, ಅದು ಹೇಗಿರುತ್ತೆ ಅಂತಾನೂ ಯಾರಿಗೂ ಗೊತ್ತಿರ್ಲಿಲ್ಲ. ಹೀರೋ ಜೆಫ್ ಮಾರೋ ಖಾಲಿ ಆಕಾಶ ನೋಡಿ ಹೆದರಿದ್ದಾನೆ, ಖಾಲಿ ಆಕಾಶದ ಕಡೆ ಕೈ ತೋರ್ಸಿ ಕೂಗಿದ್ದಾನೆ. ಹಕ್ಕಿಯ ಬೊಂಬೆಯನ್ನ ಮೆಕ್ಸಿಕೋದಲ್ಲಿ ಅಗ್ಗಕ್ಕೆ ಮಾಡಿಸಿದ್ರು. ಮಾರೋ ತನ್ನ ಊರಿನ ಥಿಯೇಟರಿನಲ್ಲಿ ಮೊದಲ ಸಲ ನೋಡಿದಾಗ ಪರದೆ ಮೇಲೆ ಬಂದಿದ್ದು ಉದ್ದ ಕತ್ತು, ಉಬ್ಬಿದ ಕಣ್ಣು, ತಲೆ ಮೇಲೊಂದು ಕೂದಲಿನ ಜುಟ್ಟು. ಹಕ್ಕಿ ಬಂದಾಗಲೆಲ್ಲ ಥಿಯೇಟರ್ ಪೂರ್ತಿ ನಗು. ಪಾಪ ಆ ಮನುಷ್ಯ ಯಾರಿಗೂ ಕಾಣದ ಹಾಗೆ ಮಧ್ಯದಲ್ಲೇ ಎದ್ದು ಹೋದ್ನಂತೆ, ಅವನೇ ಆಮೇಲೆ ಹೇಳ್ಕೊಂಡಿದ್ದಾನೆ. ನನಗೆ ಆ ಕಥೆ ಕೇಳಿದಾಗ ನಗು ಬರಲ್ಲ. ಇವತ್ತು ಆ ಚಿತ್ರ ನೋಡುವಾಗ ನಾನು ನೋಡೋದು ಹಕ್ಕಿಯನ್ನಲ್ಲ, ಮಾರೋ ಮುಖವನ್ನ. ಅವನ ಕಣ್ಣಲ್ಲಿ ಇರೋ ಹಕ್ಕಿ ನಿಜವಾಗ್ಲೂ ಭಯಂಕರವಾಗಿದೆ. ಬೊಂಬೆ ಮಾಡಿದವರು ಕೈಕೊಟ್ರು, ಅವನು ಕೊಡ್ಲಿಲ್ಲ. ಅವನಿಗೇನಾದ್ರೂ ಮುಂಚೆನೇ ಬೊಂಬೆ ತೋರಿಸಿದ್ದಿದ್ರೆ ಅವನೂ ನಿನ್ನ ಥರ ಕ್ಯಾಮೆರಾ ಕಡೆ ಕಣ್ಣು ಹೊಡೆದುಬಿಡ್ತಿದ್ನೇನೋ, ಆಗ ಅರವತ್ತೆಪ್ಪತ್ತು ವರ್ಷ ಆದ್ಮೇಲೆ ನಾವ್ಯಾರೂ ಅದನ್ನ ನೋಡ್ತಾನೇ ಇರ್ಲಿಲ್ಲ.

ಕಣ್ಣು ಹೊಡೆಯೋದು ಅಂದೆನಲ್ಲ, ಈಗ ನಿನ್ನ ಸ್ಕ್ರಿಪ್ಟಿಗೆ ಬರ್ತೀನಿ. ಮೊದಲ ಡ್ರಾಫ್ಟಿನಲ್ಲಿ ಹವಾಮಾನ ಕೇಂದ್ರಕ್ಕೆ ನುಗ್ಗಿದ ಜೀವಿ ಯಾರನ್ನೂ ಮುಟ್ಟಲ್ಲ, ಟೇಬಲ್ ಮೇಲಿನ ರೇಡಿಯೋನ ಎಳ್ಕೊಂಡು ತನ್ನ ಹೊಟ್ಟೆಗೆ ಒತ್ತಿ ಹಿಡ್ಕೊಂಡು ಕೂರುತ್ತೆ, ಯಾಕಂದ್ರೆ ಅದಕ್ಕೆ ಕಿವಿ ಇರೋದು ಅಲ್ಲಿ. ಆ ಹೆಂಗಸು ಬಾಗಿಲ ಸಂದಿಯಿಂದ ನೋಡ್ತಾ, ಹೆದರಿಕೆಯಲ್ಲೂ ಕೈ ಚಾಚಿ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡ್ತಾಳೆ. ಎಂಥಾ ಸೀನ್ ಕಣೇ ಅದು! ನಾನು ಓದಿ ಪುಟ ಮಗುಚಿ ಇಟ್ಟು ಸುಮ್ನೆ ಕೂತ್ಕೊಂಡೆ. ಎರಡನೇ ಡ್ರಾಫ್ಟಿನಲ್ಲಿ ಅದೇ ಹೆಂಗಸು "ಬಜೆಟ್ ಸಾಲ್ಲಿಲ್ಲ ಅನ್ಸುತ್ತೆ, ಕಿವಿ ಮಾಡ್ಸೋದೇ ಮರೆತಿದಾರೆ" ಅಂತ ಹೇಳ್ತಾಳೆ. ಯಾರಿಗೆ ಹೇಳ್ತಿದಾಳೆ ಅವಳು? ಆ ರೂಮಿನಲ್ಲಿ ಇರೋದು ಅವಳು, ಆ ಜೀವಿ ಇಬ್ಬರೇ. ಅವಳು ಹೇಳ್ತಿರೋದು ನಿನ್ನ ಗೆಳೆಯರಿಗೆ, ನೀವು ನಗೋಕೆ ಮುಂಚೆ ನಾನೇ ನಕ್ಕೆ, ಇನ್ನು ನನಗೆ ಏನೂ ಅನ್ನಬೇಡಿ ಅಂತ. ಆ ಒಂದು ಸಾಲು ಬಂದ ಮೇಲೆ ಜೀವಿ ಸತ್ತೋಯ್ತು, ಮುಂದಿನ ಮೂವತ್ತು ಪುಟದಲ್ಲಿ ಓಡಾಡೋದು ಬರೀ ಸೂಟು.

ನಗಿಸ್ಬೇಡ ಅಂತ ಹೇಳ್ತಿಲ್ಲ, ತಪ್ಪು ತಿಳ್ಕೋಬೇಡ. 1974ರಲ್ಲಿ ಬಂದ ಡಾರ್ಕ್ ಸ್ಟಾರ್ ಪೂರಾ ಕಾಮಿಡಿನೇ. ಜಾನ್ ಕಾರ್ಪೆಂಟರ್ ಮತ್ತೆ ಡ್ಯಾನ್ ಓಬ್ಯಾನನ್ ಫಿಲ್ಮ್ ಸ್ಕೂಲಿನ ಸ್ಟೂಡೆಂಟ್ಸ್ ಆಗಿದ್ದಾಗ ಶುರು ಮಾಡಿದ್ದು, ಒಟ್ಟು ಖರ್ಚು 60,000 ಡಾಲರ್ ಆಸುಪಾಸು, ಅದರಲ್ಲಿ ಏಲಿಯನ್ ಅಂದ್ರೆ ಬಣ್ಣ ಬಳಿದು ಕೆಳಗೆ ಎರಡು ಪಂಜ ಅಂಟಿಸಿದ ಒಂದು ಬೀಚ್ ಬಾಲ್. ಓಬ್ಯಾನನ್ನೇ ನಟಿಸಿದ್ದಾನೆ, ಆ ಬಾಲಿನ ಹಿಂದೆ ಹೋಗಿ ಲಿಫ್ಟಿನ ಬಾವಿಯಲ್ಲಿ ಸಿಕ್ಕಿಹಾಕ್ಕೊಂಡು ನೇತಾಡ್ತಾನೆ, ಅಸಲಿಗೆ ಸೆಟ್ಟನ್ನ ಅಡ್ಡಡ್ಡ ಮಲಗಿಸಿ ಅದರ ಮೇಲೆ ತೆವಳ್ತಿದಾನೆ, ಆದ್ರೆ ಅವನ ಮುಖದಲ್ಲಿ ಇರೋ ಭಯದಲ್ಲಿ ಒಂದಿಷ್ಟೂ ಸುಳ್ಳಿಲ್ಲ. ಕೊನೆಯಲ್ಲಿ ಸಿಡಿಯೋಕೆ ಹಠ ಹಿಡಿದ, ಮಾತಾಡೋ ಬಾಂಬಿನ ಹತ್ರ ಗಗನಯಾತ್ರಿ ಹೋಗಿ ತತ್ವಶಾಸ್ತ್ರ ಮಾತಾಡ್ತಾನೆ, ನೀನು ಕೇಳಿದ ಆರ್ಡರ್ ನಿಜ ಅಂತ ನಿನಗೆ ಹೇಗೆ ಗೊತ್ತು ಅಂತ, ಬಾಂಬು ನಿಜವಾಗ್ಲೂ ಯೋಚನೆ ಮಾಡುತ್ತೆ. ನಗು ಬರುತ್ತೆ, ಮೈ ಜುಮ್ಮನ್ನುತ್ತೆ, ಎರಡೂ ಒಟ್ಟಿಗೆ. ಆಮೇಲೆ ಏನಾಯ್ತು ಗೊತ್ತಾ? ಬೀಚ್ ಬಾಲಿಗೆ ಜನ ತಾನು ಅಂದ್ಕೊಂಡಷ್ಟು ನಗ್ಲಿಲ್ಲ ಅಂತ ಓಬ್ಯಾನನ್‌ಗೆ ಬೇಜಾರಾಯ್ತು, ಬಾಹ್ಯಾಕಾಶ ನೌಕೆಯಲ್ಲಿ ಒಂದು ಜೀವಿ ಓಡಾಡೋ ಅದೇ ಕಥೆಯನ್ನ ಹೆದರಿಸೋ ಹಾಗೆ ಯಾಕೆ ಬರೀಬಾರ್ದು ಅಂತ ಕೂತ, 1979ರ ಏಲಿಯನ್ ಆಯ್ತು. ಬೀಚ್ ಬಾಲನ್ನ ಅವನು ಗೇಲಿ ಮಾಡಿ ಬಿಟ್ಟುಬಿಟ್ಟಿದ್ರೆ ಅದರ ಒಳಗೆ ಇನ್ನೊಂದು ಕಥೆ ಇದೆ ಅಂತ ಅವನಿಗೆ ಕಾಣ್ತಾನೇ ಇರ್ಲಿಲ್ಲ.

ದುಡ್ಡಿಲ್ಲ ದುಡ್ಡಿಲ್ಲ ಅಂತ ಪತ್ರದ ತುಂಬಾ ಅತ್ತಿದೀಯಲ್ಲ, ಸಾಕು ಅದು. ರೋಜರ್ ಕಾರ್ಮನ್ 1956ರಲ್ಲಿ ಒಂದು ಚಿತ್ರ ಮಾಡುವಾಗ, ಓದಿದ್ದು ಎಂಜಿನಿಯರಿಂಗ್ ನೋಡು, ಗುರುತ್ವಾಕರ್ಷಣೆ ಜಾಸ್ತಿ ಇರೋ ಗ್ರಹದ ಪ್ರಾಣಿ ನೆಲಕ್ಕೆ ಅಂಟ್ಕೊಂಡು ಗಿಡ್ಡಕ್ಕೆ ಇರುತ್ತೆ ಅಂತ ಲೆಕ್ಕ ಹಾಕಿ ರಾಕ್ಷಸನನ್ನ ಗಿಡ್ಡಕ್ಕೇ ಮಾಡಿಸಿದ್ರು. ಹೀರೋಯಿನ್ ಬೆವರ್ಲಿ ಗಾರ್ಲಂಡ್ ಅದರ ಪಕ್ಕ ಹೋಗಿ ನಿಂತು, ಓಹೋ ನೀನೇನಾ ಪ್ರಪಂಚ ಗೆಲ್ಲೋಕೆ ಬಂದಿರೋದು ಅಂತ ಕಾಲಲ್ಲಿ ಒದ್ದರಂತೆ. ಕಾರ್ಮನ್ ಕೂತು ಅಳ್ಲಿಲ್ಲ, ರಾಕ್ಷಸನ ತಲೆಯನ್ನ ಎತ್ತರ ಮಾಡಿಸಿ ಶೂಟಿಂಗ್ ಮುಂದುವರಿಸಿದ್ರು. ದಿ ಲಿಟಲ್ ಶಾಪ್ ಆಫ್ ಹಾರರ್ಸ್‌ನ ಎರಡು ಹಗಲು ಒಂದು ರಾತ್ರಿಯಲ್ಲಿ ಮುಗಿಸಿದವರು ಅವರೇ. ಇನ್ನು 1959ರ ಕಿಲ್ಲರ್ ಶ್ರೂಸ್‌ನಲ್ಲಿ ದೈತ್ಯ ಶ್ರೂಗಳಾಗಿ, ಅಂದ್ರೆ ಸುಂಡಿಲಿಗಳಾಗಿ, ನಟಿಸಿದ್ದು ಕೂದಲು ಹೊದಿಸಿದ ನಾಯಿಗಳು. ಓಡುವಾಗ ನಾಯಿ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಆದ್ರೆ ಕೊನೆಯಲ್ಲಿ ಆ ದ್ವೀಪದಿಂದ ತಪ್ಪಿಸ್ಕೊಳ್ಳೋಕೆ ಅವರೇನು ಮಾಡ್ತಾರೆ ನೋಡು: ಲೋಹದ ಡ್ರಮ್ಮುಗಳನ್ನ ಒಂದಕ್ಕೊಂದು ಕಟ್ಟಿ, ಬೋರಲು ಹಾಕ್ಕೊಂಡು, ಒಳಗೆ ಕುಕ್ಕರಗಾಲಲ್ಲಿ ಕೂತು, ಹಾಗೇ ಇಂಚಿಂಚು ಸರೀತಾ ಸಮುದ್ರದ ತನಕ ಹೋಗ್ತಾರೆ, ಸುತ್ತ ಆ ಪ್ರಾಣಿಗಳು ಕೆರೀತಿರ್ತವೆ. ಇದು ಬರೆದವನು ಕೂತು ಯೋಚನೆ ಮಾಡಿದ ಪರಿಹಾರ. ಈ ಜನರ ಕೈಗೆ ಸಿಗೋದು ಏನು, ಅದರಲ್ಲಿ ಬದುಕೋದು ಹೇಗೆ ಅಂತ ತಲೆ ಕೆಡಿಸ್ಕೊಂಡವನು ಮಾತ್ರ ಬರೆಯೋಕೆ ಆಗೋದು. ಡ್ರಮ್ಮಿಗೆ ಎಷ್ಟು ದುಡ್ಡು ಬೇಕು?

ಎಡ್ ವುಡ್ ಹೆಸರು ನೀನೇ ತೆಗೆದಿದೀಯ, "ಪ್ರಪಂಚದ ಅತಿ ಕೆಟ್ಟ ಡೈರೆಕ್ಟರ್" ಅಂತ. ಅಲ್ಲಿ ನನಗೆ ತುಂಬಾ ನೋವಾಯ್ತು. ಅವನ ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್‌ನಲ್ಲಿ ಸಮಾಧಿ ಕಲ್ಲುಗಳು ಅಲ್ಲಾಡ್ತವೆ ನಿಜ, 1956ರಲ್ಲಿ ನಟ ಬೇಲಾ ಲುಗೋಸಿ ತೀರಿಹೋದ ಮೇಲೆ ಅವರ ಬದಲು ತನ್ನ ಹೆಂಡತಿಯ ಕೈರೋಪ್ರಾಕ್ಟರನ್ನ, ಅಂದ್ರೆ ಬೆನ್ನುಮೂಳೆ ಒತ್ತಿ ಚಿಕಿತ್ಸೆ ಮಾಡೋನನ್ನ, ನಿಲ್ಲಿಸಿ ಮುಖಕ್ಕೆ ಕೇಪ್ ಅಡ್ಡ ಹಿಡಿಸಿದ್ದೂ ನಿಜ. ಆದ್ರೆ ಆ ಕಥೆಯಲ್ಲಿ ಬೇರೆ ಲೋಕದವರು ಬರೋದು ಯಾಕೆ? ಮನುಷ್ಯರು ದೊಡ್ಡ ದೊಡ್ಡ ಬಾಂಬು ಮಾಡ್ತಾ ಮಾಡ್ತಾ ಒಂದಿನ ಸೂರ್ಯನ ಬೆಳಕನ್ನೇ ಸಿಡಿಸೋ ಬಾಂಬು ಮಾಡ್ತಾರೆ, ಎಲ್ಲಾ ಲೋಕಾನೂ ಸುಟ್ಟುಹೋಗುತ್ತೆ, ಅದಕ್ಕೆ ಮುಂಚೆ ತಡೀಬೇಕು ಅಂತ. ಹೈಡ್ರೋಜನ್ ಬಾಂಬ್ ಪರೀಕ್ಷೆ ಆಗ್ತಿದ್ದ ಕಾಲ ಅದು, 1954ರಲ್ಲಿ ಜಪಾನಿನವರು ಗಾಡ್ಜಿಲ್ಲಾ ಮಾಡಿದ್ದೂ ಅದೇ ಭಯಕ್ಕೆ, ಅಲ್ಲೂ ರಬ್ಬರ್ ಸೂಟಿನೊಳಗೆ ಒಬ್ಬ ಮನುಷ್ಯ ಬೆವರು ಸುರಿಸ್ಕೊಂಡು ನಡೆದಿದ್ದಾನೆ. ಎಡ್ ವುಡ್ 1978ರ ಡಿಸೆಂಬರ್‌ನಲ್ಲಿ ಸತ್ತ, 54 ವರ್ಷ, ಸಾಯೋಕೆ ಕೆಲವೇ ದಿನ ಮುಂಚೆ ಬಾಡಿಗೆ ಮನೆಯಿಂದ ಹೊರಗೆ ಹಾಕಿದ್ರು. 1980ರಲ್ಲಿ ಒಂದು ಪುಸ್ತಕ ಬಂದು ಅವನಿಗೆ ಅತಿ ಕೆಟ್ಟವನು ಅನ್ನೋ ಬಿರುದು ಕೊಡ್ತು, ಅಲ್ಲಿಂದ ಜನ ನಗೋಕೆ ಅಂತ ಹುಡುಕ್ಕೊಂಡು ಬಂದ್ರು. ನಗೋಕೆ ಬಂದವರು ಇವತ್ತಿಗೂ ಬಿಟ್ಟು ಹೋಗಿಲ್ಲ, ಅದು ಯಾಕೆ ಅಂತ ಯೋಚನೆ ಮಾಡು. ಅವನ ಕಾಲದಲ್ಲಿ ಅವನಿಗಿಂತ ಚೆನ್ನಾಗಿ ಕ್ಯಾಮೆರಾ ಇಡ್ತಿದ್ದವರು ಸಾಲು ಸಾಲು ಇದ್ರು, ಅವರಲ್ಲಿ ಎಷ್ಟೋ ಜನರ ಚಿತ್ರ ಇವತ್ತು ಯಾರೂ ನೋಡಲ್ಲ, ಯಾಕಂದ್ರೆ ಅವರಿಗೆ ಹೇಳೋಕೆ ಏನೂ ಇರ್ಲಿಲ್ಲ, ಇವನಿಗೆ ಹೇಳ್ಲೇಬೇಕಾಗಿತ್ತು.

ನಗುವವರ ಮೇಲೆ ನನಗೊಂದು ಹಳೇ ಸಿಟ್ಟಿದೆ, ಇವತ್ತಿಗೂ ಆರಿಲ್ಲ. ನಾನು ನಿನ್ನ ವಯಸ್ಸಲ್ಲಿ ಮಂಗಳ ಗ್ರಹದ ಒಂದು ಕಥೆ ಬರೆದು ಒಂದು ಪತ್ರಿಕೆಗೆ ಕೊಟ್ಟಿದ್ದೆ. ಸಂಪಾದಕರು ಕರೆಸಿ, ಇದೆಲ್ಲ ಮಕ್ಕಳ ಆಟ, ಸ್ವಲ್ಪ ಹಾಸ್ಯ ಸೇರಿಸಿ ಕೊಡಮ್ಮಾ, ನಗೆಬರಹ ಅಂತ ಹಾಕ್ತೀವಿ ಅಂದ್ರು. ಪಕ್ಕದಲ್ಲಿದ್ದವರೆಲ್ಲ ಹಲ್ಲು ಕಿರಿದ್ರು. ನಾನು ಕೊಡ್ಲಿಲ್ಲ, ಕಥೆ ವಾಪಸ್ ತಗೊಂಡು ಬಂದೆ, ಅದು ಎಲ್ಲೂ ಅಚ್ಚಾಗ್ಲಿಲ್ಲ. ಆ ಕಥೆ ಇನ್ನೂ ನನ್ನ ಹತ್ರ ಇದೆ, ಅದರ ಒಂದು ಸಾಲನ್ನೂ ನಾನು ಬದಲಾಯಿಸಲ್ಲ. ನಿನ್ನ ಎರಡನೇ ಡ್ರಾಫ್ಟ್ ಓದುವಾಗ ಆ ರೂಮಿನ ನಗು ಮತ್ತೆ ಕೇಳಿಸ್ತು, ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು ಅನ್ಸುತ್ತೆ.

ಈಗ ಬೇಕಂತಲೇ ಕೆಟ್ಟದಾಗಿ ಮಾಡೋ ಚಿತ್ರಗಳು ಬೇಕಾದಷ್ಟಿವೆ, 2013ರ ಶಾರ್ಕ್‌ನೇಡೋ ನೋಡಿದೀಯಲ್ಲ, ಸುಂಟರಗಾಳಿಯಲ್ಲಿ ಶಾರ್ಕುಗಳು ಹಾರಾಡೋದು. ಒಂದು ಸಂಜೆ ನಾಲ್ಕು ಜನ ಕೂತು ನೋಡೋಕೆ ಚೆನ್ನಾಗಿದೆ, ಒಪ್ತೀನಿ. ಎರಡನೇ ಸಲ ನೋಡ್ದೆಯಾ? ನನಗೆ ಆಗ್ಲಿಲ್ಲ, ಯಾಕಂದ್ರೆ ಅಲ್ಲಿ ನಾನು ಕಂಡುಹಿಡಿಯೋಕೆ ಏನೂ ಉಳ್ಸಿಲ್ಲ, ಎಲ್ಲಿ ನಗ್ಬೇಕು ಅಂತ ಅವರೇ ಬೆರಳು ತೋರಿಸಿಬಿಟ್ಟಿದ್ದಾರೆ. ಅಮೆರಿಕದ ವಿಮರ್ಶಕಿ ಸೂಸನ್ ಸೊಂಟಾಗ್ 1964ರಲ್ಲೇ ಬರೆದಿದ್ರು, ಈ ಥರದ್ದರಲ್ಲಿ ಶುದ್ಧವಾದದ್ದು ಯಾವಾಗ್ಲೂ ಮುಗ್ಧವಾಗಿರುತ್ತೆ, ತಾನು ಏನು ಅಂತ ಗೊತ್ತಿರೋದು ಅಷ್ಟು ರುಚಿಸಲ್ಲ ಅಂತ. ಆದ್ರೆ ನೀನು ಮುಗ್ಧೆ ಅಲ್ಲ, ಇಷ್ಟೆಲ್ಲ ನೋಡಿದೀಯ, ಓದಿದೀಯ, ಮುಗ್ಧತೆ ನಟಿಸೋಕೂ ಆಗಲ್ಲ. ನಿನ್ನ ಕೈಲಿ ಆಗೋದು ಒಂದೇ, ಆ ಜೀವಿಗೆ ಹೊಟ್ಟೆಯಲ್ಲಿ ಕಿವಿ ಇದೆ ಅಂತ ನೀನು ಬರೆದ ಮೇಲೆ, ಇದೆ. ಸೂಟ್ ಹೊಲಿಗೆ ಬಿಟ್ಟಿದ್ರೂ ಇದೆ, ಜಿಪ್ ಕಾಣಿಸಿದ್ರೂ ಇದೆ. ನೋಡೋರು ನಗ್ತಾರೆ, ಖಂಡಿತ ನಗ್ತಾರೆ, ಅದು ಅವರ ಪಾಲು, ಅದನ್ನೂ ನೀನೇ ಬರೆದು ಕೊಡೋ ದರ್ದು ಏನಿದೆ?

ಹೊಗಳಿಕೆ ಬಗ್ಗೆನೂ ಹುಷಾರಾಗಿರು, "ಸೂಪರ್ ಕೆಟ್ಟದಾಗಿದೆ, ಲವ್ಲೀ" ಅಂತ ಹೇಳೋರು ಬರ್ತಾರೆ, ಅವರ ಚಪ್ಪಾಳೆ ತುಂಬಾ ಬೆಚ್ಚಗಿರುತ್ತೆ, ಅದಕ್ಕೆ ಒಗ್ಗಿಹೋದ್ರೆ ಮುಂದಿನ ಕಥೆಯಲ್ಲಿ ನಿಜವಾಗ್ಲೂ ಅಳು ಬರೋ ಸೀನ್ ಬಂದಾಗ ನಿನಗೇ ಕೈ ನಡುಗುತ್ತೆ.

ಮೊದಲ ಡ್ರಾಫ್ಟಿಗೆ ವಾಪಸ್ ಹೋಗು. ಅದರಲ್ಲೂ ತೊಂದರೆ ಇದೆ, ನಡುಭಾಗ ಎಳೆದಿದೀಯ, ಆ ಎಂಜಿನಿಯರ್ ಯಾಕೆ ಇದಾನೆ ಅಂತ ನನಗಿನ್ನೂ ಗೊತ್ತಾಗಿಲ್ಲ, ಅವನನ್ನ ತೆಗೆದ್ರೆ ಖರ್ಚೂ ಉಳಿಯುತ್ತೆ. ರೇಡಿಯೋ ಸೀನ್ ಮಾತ್ರ ಮುಟ್ಟಬೇಡ. ಸರಿ ಮಾಡಿ ಕಳ್ಸು, ಅದಕ್ಕೆ ಮುಂಚೆ ಡಾರ್ಕ್ ಸ್ಟಾರ್ ಒಬ್ಬಳೇ ಕೂತು ನೋಡು, ಆ ಗೆಳೆಯರನ್ನ ಕರೀಬೇಡ.

ಪ್ರೀತಿಯಿಂದ,
ನಿನ್ನ ಅಕ್ಕ